ನೋವು ಹೇಳುವ ತಾಲೀಮು

ವರ್ಲಿನ್ ಟ್ವೇಟನ್‌ನನ್ನು ಹಾಳು ಮಾಡಿದ್ದು ಅವನ ಭುಜವಲ್ಲ, ಬಾಯಿ. ಅದೂ ಆ ಬಾಯಿಂದ ಬಿದ್ದ ಒಂದೇ ಒಂದು ಮಾತು.

ಸಕ್ಕರೆ ಕಾರ್ಖಾನೆಯ ಕಬ್ಬಿಣದ ಮೆಟ್ಟಿಲುಗಳ ಮೇಲೆ ಆ ದಿನ ಹಿಮ ಕಟ್ಟಿ ಗಾಜಿನಂತಾಗಿತ್ತು. ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಗಳ ರಾಶಿ ನೋಡಲು ಹೋಗಿದ್ದ ವರ್ಲಿನ್ ಇಳಿಯುವಾಗ ಜಾರಿದ. ಜಾರುತ್ತಲೇ ಬಲಗೈಯಿಂದ ಕಂಬಿ ಹಿಡಿದ. ಮೈ ಕೆಳಗೆ ಹೋಯಿತು, ಕೈ ಮೇಲೆಯೇ ಉಳಿಯಿತು. ಭುಜದೊಳಗೆ ಹಳೆಯ ಹೊದಿಕೆ ಪರ್‍ರೆಂದು ಹರಿದ ಹಾಗೆ ಏನೋ ಆಯಿತು. ಮೇಸ್ತ್ರಿ ಓಡಿ ಬಂದು, "ಹೇಗಿದ್ದೀಯಪ್ಪಾ?" ಎಂದು ಕೇಳಿದ. ನೆಲಕ್ಕೆ ಮುಖ ಕೊಟ್ಟು ಬಿದ್ದಿದ್ದ ವರ್ಲಿನ್ ಬಾಯಿಗೆ ಹೊಕ್ಕಿದ್ದ ಮಣ್ಣು ಉಗುಳಿ, "ಪರವಾಗಿಲ್ಲ" ಎಂದ. ಎಂದವನು ಎದ್ದು, ಮಿಕ್ಕ ಪಾಳಿಯನ್ನು ಎಡಗೈಯಲ್ಲೇ ಮುಗಿಸಿ ಮನೆಗೆ ಬಂದ.

ನೂರ್ಡಾಲ್ ಊರಿನಲ್ಲಿ ಇದು ಸುಳ್ಳೂ ಅಲ್ಲ, ಶೌರ್ಯವೂ ಅಲ್ಲ. ಅಲ್ಲಿನವರ ಅಜ್ಜಂದಿರು ನಾರ್ವೆಯಿಂದ ಬರುವಾಗ ಆಲೂಗಡ್ಡೆಯನ್ನೂ ಪ್ರಾರ್ಥನೆ ಪುಸ್ತಕವನ್ನೂ ತಂದಿದ್ದರು. ನೋವು ಹೇಳಿಕೊಳ್ಳುವ ಮಾತನ್ನು ಹಡಗಿನಲ್ಲೇ ಮರೆತು ಬಂದಿದ್ದರು. ಕೊಟ್ಟಿಗೆ ಸುಟ್ಟುಹೋದರೆ, "ಪರವಾಗಿಲ್ಲ, ಕೋಳಿಗಳು ಉಳಿದಿವೆ" ಎನ್ನುವರು. ಪಕ್ಕದ ಮನೆಯ ಲವಾನ್‌ಳ ಗಂಡ ಚರ್ಚಿನ ಬೆಂಚಿನ ಮೇಲೆ ಎದೆ ಒಡೆದು ಸತ್ತಾಗ ಆಡಿದ ಕೊನೆಯ ಮಾತು, "ಸ್ವಲ್ಪ ಬೇರೆ ಥರ ಆಗ್ತಿದೆ" ಎಂಬುದು. ಹಾಗೆಂದು ಊರಿನವರಿಗೆ ಅರ್ಥವಾಗುವುದಿಲ್ಲವೆಂದಲ್ಲ. ಒಬ್ಬ ಗಂಡಸು "ಚೆನ್ನಾಗಿದೆ" ಎಂದರೆ ಚೆನ್ನಾಗಿದೆ. "ಪರವಾಗಿಲ್ಲ" ಎಂದರೆ ಗಾಡಿ ತೆಗೆದು ಆಸ್ಪತ್ರೆಗೆ ಓಡಬೇಕು. ಇದು ಅಲ್ಲಿ ಹುಟ್ಟಿದ ಮಗುವಿಗೂ ಗೊತ್ತು.

ಆದರೆ ಕಾರ್ಖಾನೆಯ ವಿಮೆ ಕಂಪನಿ ನೂರ್ಡಾಲ್‌ನಲ್ಲಿ ಹುಟ್ಟಿದ್ದಲ್ಲ.

ಊರಿನ ಡಾಕ್ಟರು ಭುಜದ ಚಿತ್ರ ತೆಗೆಸಿ, "ಸ್ನಾಯು ಹರಿದಿದೆ, ಆಪರೇಷನ್ ಆಗಲೇಬೇಕು" ಎಂದರು. ವಿಮೆಯವರು, "ಅರವತ್ತರ ಹತ್ತಿರದ ಭುಜ, ವಯಸ್ಸಿಗೆ ಸವೆದಿರಬೇಕು. ಬಿದ್ದಾಗ ಪರವಾಗಿಲ್ಲ ಅಂತ ಇವರೇ ಹೇಳಿದ್ದಾರಲ್ಲ!" ಎಂದರು. ತಗಾದೆ ತೀರಿಸಲು ಸ್ವತಂತ್ರ ವೈದ್ಯಕೀಯ ಪರೀಕ್ಷೆ ಎಂಬುದೊಂದು ನಿಗದಿಯಾಯಿತು. ಸ್ವತಂತ್ರ ಎಂದರೆ, ಡಾಕ್ಟರನ್ನು ಆರಿಸುವವರು ವಿಮೆಯವರು, ಫೀಸು ಕೊಡುವವರು ವಿಮೆಯವರು, ದಿನ ಗೊತ್ತು ಮಾಡುವವರು ವಿಮೆಯವರು, ಮಿಕ್ಕಿದ್ದೆಲ್ಲ ಸ್ವತಂತ್ರ. ಆ ಡಾಕ್ಟರು ನಂಬಿದರೆ ಆಪರೇಷನ್. ನಂಬದಿದ್ದರೆ ಸೋಮವಾರದಿಂದ ಮತ್ತೆ ಕಾರ್ಖಾನೆ, ಮತ್ತೆ ಮೂಟೆ.

ವರ್ಲಿನ್‌ಗೆ ಆಗ ಬಲಗೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅಂಗಿಯ ಗುಂಡಿಯನ್ನು ಹೆಂಡತಿ ಆರ್ಡಿಸ್ ಹಾಕುತ್ತಿದ್ದಳು. ಅವಳು ಶಾಲೆಯ ಅಡಿಗೆಮನೆಯಲ್ಲಿ ಮಕ್ಕಳಿಗೆ ಬಡಿಸುವವಳು; ಊಟ ಬೇಡವೆನ್ನುವ ಮಗುವಿನ ಮುಖ ನೋಡಿಯೇ ಅದಕ್ಕೆ ಜ್ವರವೋ ಜಗಳವೋ ಎಂದು ತಿಳಿಯುವವಳು. ರಾತ್ರಿ ಗಂಡ ಮಗ್ಗುಲು ಬದಲಿಸುವಾಗ ಉಸಿರು ಕಟ್ಟುವುದನ್ನು ಅವಳು ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. ಕೇಳಿದರೆ ಅವನು ಏನೆನ್ನುವನೆಂದು ಅವಳಿಗೆ ಗೊತ್ತಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಕಾರ್ಮಿಕ ಸಂಘದ ವಕೀಲರು ಫೋನು ಮಾಡಿದರು. "ನೋಡಿ, ಇದ್ದದ್ದನ್ನ ಇದ್ದ ಹಾಗೆ ಹೇಳಿ. ಒಂದು ಎಳೆ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಗಾಡಿ ನಿಲ್ಲಿಸೋ ಜಾಗದಿಂದಲೇ ಅವರು ನಿಮ್ಮನ್ನ ನೋಡ್ತಿರ್ತಾರೆ, ನೆನಪಿರಲಿ. ಅಂದಹಾಗೆ ಡಾಕ್ಟರ ಹೆಸರು ಪೆಲ್ಲೆಗ್ರಿನಿ."

ಇಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಆದರೆ ವರ್ಲಿನ್ ಫೋನನ್ನು ಜೋರಾಗಿಟ್ಟಿದ್ದ, ಮತ್ತು ಅಡಿಗೆಮನೆಯಲ್ಲಿ ಆಗಲೇ ಲವಾನ್ ಕೇಕಿನ ತಟ್ಟೆ ಹಿಡಿದು ಕೂತಿದ್ದಳು.

"ಪೆಲ್ಲೆಗ್ರಿನಿ!" ಎಂದಳು ಲವಾನ್. ಚರ್ಚಿನ ಮಹಿಳಾ ಸಂಘವನ್ನು ಎರಡು ತಲೆಮಾರು ಆಳಿದ ಹೆಂಗಸು. "ಇಟಲಿಯವನು! ಕೆಟ್ಟೆ ಕಣೋ ವರ್ಲಿನ್. ಅವರ ಕಡೆ ಸೊಳ್ಳೆ ಕಚ್ಚಿದ್ರೂ ಬೀದಿಗೆ ಕೇಳೋ ಹಾಗೆ ಕೂಗ್ತಾರಂತೆ. ನೀನು ಅವನ ಮುಂದೆ ಕೂತು ಗೊಣ ಗೊಣ ಅಂದ್ರೆ ಇವನಿಗೇನೂ ಆಗಿಲ್ಲ ಅಂತ ಬರೆದುಬಿಡ್ತಾನೆ. ಕೇಕ್ ತಗೋ."

"ಬೇಡ, ಈಗ ತಿಂಡಿ ಆಯ್ತು."

"ಒಂದು ಚೂರು."

"ಬೇಡ ಬಿಡು, ನಿನಗೇ ಇರಲಿ."

"ಅಯ್ಯೋ, ತುದೀದು, ಚಿಕ್ಕದು."

"ಸರಿ ಹಾಗಾದ್ರೆ, ಚಿಕ್ಕದು" ಎಂದು ವರ್ಲಿನ್ ತಟ್ಟೆ ತೆಗೆದುಕೊಂಡ. ನೂರ್ಡಾಲ್‌ನಲ್ಲಿ ಯಾವುದನ್ನೂ ಮೂರನೆಯ ಸಲಕ್ಕೆ ಮೊದಲು ತೆಗೆದುಕೊಳ್ಳುವಂತಿಲ್ಲ. ಮೊದಲ ಸಲಕ್ಕೇ ಹೂಂ ಎಂದವನನ್ನು ಊರು ಹೊಟ್ಟೆಬಾಕ ಎನ್ನುತ್ತದೆ.

"ನೋಡಿದ್ಯಾ, ಇದೂ ಆಗಲ್ಲ!" ಎಂದು ಲವಾನ್ ಬೆರಳೆತ್ತಿದಳು. "ಹೊರಗಿನವರು ಒಂದೇ ಸಲ ಕೇಳೋದು. ಅವನು ನೀರು ಬೇಕಾ, ದಿಂಬು ಬೇಕಾ ಅಂದ್ರೆ ತಕ್ಷಣ ಬೇಕು ಅನ್ನು. ಬೇಡ ಅಂದ್ರೆ ಅದನ್ನೂ ಬರ್ಕೋತಾನೆ, ದಿಂಬಿಲ್ಲದೆ ಆರಾಮಾಗಿ ಕೂತಿದ್ದ ಅಂತ."

ಆರ್ಡಿಸ್ ಮೆಲ್ಲಗೆ, "ವಕೀಲರು ಇದ್ದದ್ದು ಇದ್ದ ಹಾಗೆ ಅಂದ್ರಲ್ಲ" ಎಂದಳು.

"ಇದ್ದದ್ದು ಇದ್ದ ಹಾಗೆ ಹೇಳೋಕೆ ಇವನಿಗೆ ಎಲ್ಲಿ ಬರುತ್ತೆ? ಅದನ್ನೇ ಕಲಿಸಬೇಕು ಅಂತಿರೋದು!"

ಒಮ್ಮೆ ಗರಗಸಕ್ಕೆ ಹೆಬ್ಬೆರಳು ಕೊಟ್ಟು ಬಂದ ಗಂಡ ಬಾಗಿಲಲ್ಲಿ ನಿಂತು, "ಹಳೆ ಬಟ್ಟೆ ಏನಾದ್ರೂ ಇದೆಯಾ?" ಎಂದು ಕೇಳಿದ್ದು ಆರ್ಡಿಸ್‌ಗೆ ನೆನಪಾಯಿತು.

ಅಷ್ಟರಲ್ಲಿ ಗೇಲನ್ ಬಂದ. ಗೇಲನ್ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಅಂದು ವರ್ಲಿನ್‌ನನ್ನು ಫಾರ್ಗೊ ನಗರಕ್ಕೆ ಕರೆದೊಯ್ಯಬೇಕಾದವನೂ ಅವನೇ. ಪ್ರತಿ ವರ್ಷ ಚರ್ಚಿನ ಕ್ರಿಸ್ಮಸ್ ನಾಟಕದಲ್ಲಿ ಛತ್ರದ ಯಜಮಾನನಾಗಿ ಬಾಗಿಲು ತೆರೆದು "ಜಾಗ ಇಲ್ಲ" ಎಂದು ಹೇಳಿ ಮುಚ್ಚುವ ಪಾತ್ರ ಅವನದು. ಅದರಿಂದ ಊರಿನಲ್ಲಿ ಅಭಿನಯದ ವಿಷಯದಲ್ಲಿ ಅವನ ಮಾತೇ ಕೊನೆ.

"ತಾಲೀಮು ಮಾಡೋಣ" ಎಂದ ಗೇಲನ್, ಮರದ ಸೌಟು ಕೈಗೆತ್ತಿಕೊಂಡು. "ನಾನೇ ಡಾಕ್ಟರ್. ಹೇಳಿ ಮಿಸ್ಟರ್ ಟ್ವೇಟನ್, ಹೇಗಿದೆ ಭುಜ?"

"ಪರವಾ—"

ಸೌಟು ಮೇಜಿನ ಮೇಲೆ ಬಡಿಯಿತು. "ಆ ಮಾತು ಎತ್ತಬೇಡ! ಇನ್ನೊಂದ್ಸಲ. ಹೇಗಿದೆ?"

"ಸ್ವಲ್ಪ ಬೇರೆ ಥರ..."

"ನನ್ನ ಗಂಡ ಹಾಗಂದೇ ಸತ್ತಿದ್ದು" ಎಂದಳು ಲವಾನ್.

"ಹಾಗಾದ್ರೆ... ಇದಕ್ಕಿಂತ ಕೆಟ್ಟದಾಗಿರಬಹುದಿತ್ತು."

ಗೇಲನ್ ತಲೆ ಹಿಡಿದುಕೊಂಡ. "ನೋವು. ಎರಡೇ ಅಕ್ಷರ. ಮೂರು ವರ್ಷದ ಮಗು ಹೇಳುತ್ತೆ. ಹೇಳು."

ವರ್ಲಿನ್ ಬಾಯಿ ತೆರೆದ. ಮೀನಿನ ಮುಳ್ಳು ಸಿಕ್ಕಿಕೊಂಡವನ ಹಾಗೆ ಗಂಟಲು ಆಡಿಸಿದ. ಮುಖ ಬೀಟ್ ಪಲ್ಯದ ಬಣ್ಣಕ್ಕೆ ತಿರುಗಿತು. ಅವನ ತಂದೆ ಆ ಮಾತು ಆಡಿದ್ದನ್ನು ಅವನು ಕೇಳಿರಲಿಲ್ಲ, ಅಜ್ಜ ಆಡಿದ್ದನ್ನು ತಂದೆ ಕೇಳಿರಲಿಲ್ಲ. ಇಬ್ಬರು ಹೆಂಗಸರ ಮುಂದೆ ಚಡ್ಡಿ ಕಳಚು ಎಂದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಕೊನೆಗೆ, "ನೋ..." ಎಂದು ತೊಟ್ಟಿಲ ಕೂಸು ಏಳದ ಹಾಗೆ ಉಸುರಿದ.

"ಡಾಕ್ಟರಿಗಲ್ಲ, ನಿನ್ನ ಮೀಸೆಗೂ ಕೇಳಲಿಲ್ಲ ಅದು" ಎಂದ ಗೇಲನ್. "ಮೊದಲು ಕೂಗು ಬರಬೇಕು, ಆಮೇಲೆ ಮಾತು ತಾನಾಗಿ ಬರುತ್ತೆ." ಹೀಗೆಂದು ಸೌಟಿನ ತುದಿಯನ್ನು ವರ್ಲಿನ್‌ನ ಬಲಭುಜಕ್ಕೆ ಆನಿಸಿ, ಬಸ್ಸಿನ ಬ್ರೇಕು ಒತ್ತುವ ಹಾಗೆ ಒತ್ತಿದ.

"ಅಯ್ಯೋಽಽ!"

ಕಿಟಕಿಯ ಗಾಜು ನಡುಗಿತು. ಒಲೆಯ ಹತ್ತಿರ ಮಲಗಿದ್ದ ಬೆಕ್ಕು ಎದ್ದು ನೆಲಮಾಳಿಗೆಗೆ ಓಡಿತು. ಆರ್ಡಿಸ್‌ಳ ಕೈಯ ಬಟ್ಟಲು ಜಾರಿತು. ಲವಾನ್ ಮಾತ್ರ ಕಣ್ಣರಳಿಸಿ, "ಭಲೇ! ಇದೇ ಬೇಕಾಗಿದ್ದು!" ಎಂದಳು.

ಎದುರುಮನೆಯವರಿಗೆ ಅದು ತಾಲೀಮೆಂದು ಹೇಗೆ ಗೊತ್ತಾಗಬೇಕು? ನೂರ್ಡಾಲ್‌ನ ಬೀದಿಯಲ್ಲಿ ಗಂಡಸಿನ ಕೂಗು ಕೇಳಿದ್ದೇ ಅವರಿಗೆ ನೆನಪಿರಲಿಲ್ಲ. ಮನೆ ಉರಿಯುತ್ತಿದ್ದರೂ ಕೂಗದ ಜನ ಕೂಗಿದ್ದಾರೆಂದರೆ ಇನ್ನೇನಾಗಿರಬೇಕು! ಗಂಜಿ ಕಾಯುವಷ್ಟು ಹೊತ್ತಿನಲ್ಲಿ ಊರಿನ ಅಗ್ನಿಶಾಮಕ ಗಾಡಿ ಗಂಟೆ ಬಡಿಯುತ್ತ ಅಂಗಳಕ್ಕೆ ನುಗ್ಗಿತು. ನಾಲ್ಕು ಜನ ಕೊಡಲಿ ಹಿಡಿದು ಒಳಗೆ ಬಂದರು. ಅವರ ಹಿಂದೆಯೇ ಪಾದ್ರಿಗಳು, ಕೊನೆಯ ಪ್ರಾರ್ಥನೆಯ ಪುಸ್ತಕದಲ್ಲಿ ಬೆರಳಿಟ್ಟುಕೊಂಡು.

"ಯಾರು ಹೋದ್ರು?" ಎಂದರು ಪಾದ್ರಿಗಳು.

"ಯಾರೂ ಇಲ್ಲ... ಪಾದ್ರಿಗಳೇ" ಎಂದು ವರ್ಲಿನ್ ನಾಲಿಗೆ ತಡವರಿಸಿ ನೆಲ ನೋಡಿದ. "ನಾನು ಅಭ್ಯಾಸ ಮಾಡ್ತಿದ್ದೆ."

ಗಂಡಸರೆಲ್ಲ ಬೂಟಿನ ತುದಿ ನೋಡಿಕೊಂಡರು. ನೆರೆಯವನು ಸತ್ತಿದ್ದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು; ಕೂಗಿದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಆರ್ಡಿಸ್ ಕಾಫಿ ಕೊಡಲು ಹೋದಳು. ಅವರು ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ಕೂತರು. ವಿಷಯ ತಿಳಿದ ಮೇಲೆ ಎಲ್ಲರಿಗೂ ಪಾಪವೆನಿಸಿತು, ಎಲ್ಲರೂ ಒಂದೊಂದು ಬುದ್ಧಿ ಹೇಳಿದರು. "ಬೈಬಲಿನ ಯೋಬ ಕೂಡ ಕೂಗಿಕೊಂಡಿದ್ದಾನೆ, ನಾಚಿಕೆ ಏನಿಲ್ಲ" ಎಂದರು ಪಾದ್ರಿಗಳು. "ಕಣ್ಣಲ್ಲಿ ನೀರು ಬಂದ್ರೆ ಇನ್ನೂ ಒಳ್ಳೇದು" ಎಂದ ಕೊಡಲಿಯವನೊಬ್ಬ, ಹೇಳಿದ ಮೇಲೆ ತಾನೇ ನಾಚಿಕೊಂಡು.

ಹೊರಡುವಾಗ ಆರ್ಡಿಸ್ ಗಂಡನಿಗೆ ಕೋಟು ತೊಡಿಸಿ, ಗುಂಡಿ ಹಾಕುತ್ತ, ಯಾರಿಗೂ ಕೇಳದ ಹಾಗೆ, "ನಿನಗೆ ಹೇಗಿದೆಯೋ ಹಾಗೇ ಹೇಳು, ಸಾಕು" ಎಂದಳು.

"ಹೂಂ" ಎಂದ ವರ್ಲಿನ್. ಅಷ್ಟು ಸುಲಭವಿದ್ದಿದ್ದರೆ!

ದಾರಿಯುದ್ದಕ್ಕೂ ಗೇಲನ್ ಬಿಡಲಿಲ್ಲ. ಬಿಳಿಯ ಬಯಲು, ನೆಟ್ಟಗಿನ ರಸ್ತೆ, ಸಾಲು ವಿದ್ಯುತ್ ಕಂಬ. ಒಂದೊಂದು ಕಂಬ ಬಂದಾಗಲೂ ವರ್ಲಿನ್ "ನೋವು" ಎನ್ನಬೇಕು. ಮೊದಮೊದಲು ತೊದಲಿದ. ನಡುದಾರಿಗೆ ಬರುವ ಹೊತ್ತಿಗೆ ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಸರಾಗವಾಯಿತು. ಫಾರ್ಗೊ ಕಾಣಿಸುವ ವೇಳೆಗೆ, ಗೇಲನ್ ಕೇಳದಿದ್ದರೂ, "ನೋವು, ತುಂಬ ನೋವು, ತಡೆಯೋಕಾಗದ ನೋವು" ಎಂದು ಬಗೆಬಗೆಯಾಗಿ ಹೇಳತೊಡಗಿದ. ಹೇಳುತ್ತ ಹೇಳುತ್ತ ಒಳಗೆ ಏನೋ ಸಡಿಲವಾದ ಹಾಗಾಗಿ, ಅದು ಅವನಿಗೇ ಸೋಜಿಗವೆನಿಸಿತು.

ಗಾಡಿ ನಿಲ್ಲಿಸಿದಾಗ ಗೇಲನ್, "ಕುಂಟು" ಎಂದ.

"ನೋವು ಭುಜಕ್ಕೆ ಕಣೋ!"

"ಇದ್ರೇನಂತೆ, ಕಿಟಕಿಯಿಂದ ಭುಜ ಕಾಣುತ್ತಾ?"

"ಇಲ್ಲದ್ದನ್ನ ಮಾಡಲ್ಲ" ಎಂದ ವರ್ಲಿನ್. "ಇರೋದನ್ನೇ ಹೇಳೋಕೆ ಇಷ್ಟು ಕಷ್ಟಪಟ್ಟಿದ್ದೀನಿ." ಹೇಳಿ, ನೆಟ್ಟಗೆ ನಡೆದು ಒಳಗೆ ಹೋದ.

ಡಾಕ್ಟರ್ ಪೆಲ್ಲೆಗ್ರಿನಿ ಹೆಂಗಸಾಗಿದ್ದರು. ಐವತ್ತು ದಾಟಿದ್ದ, ನೆರೆತ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದ, ತಣ್ಣನೆಯ ಬೂದುಗಣ್ಣಿನ ಹೆಂಗಸು. ಕೈ ಬೀಸಲಿಲ್ಲ, ಕೂಗಲಿಲ್ಲ. "ಬನ್ನಿ. ಹೊರಗೆ ಚಳಿ ಇದೆ. ಕಾಫಿ ಕುಡೀತೀರಾ?" ಎಂದರು.

"ಹೂಂ, ಕೊಡಿ" ಎಂದ ವರ್ಲಿನ್ ಥಟ್ಟನೆ.

ಡಾಕ್ಟರ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೆದ್ದಿತು. ಕಾಫಿ ಬಂತು.

"ಬೆನ್ನಿಗೆ ದಿಂಬು?"

"ಕೊಡಿ."

ಮತ್ತೆ ಹುಬ್ಬು ಎದ್ದಿತು. ಪಾಠ ಚೆನ್ನಾಗಿ ನಡೆಯುತ್ತಿದೆಯೆಂದು ವರ್ಲಿನ್‌ಗೆ ಧೈರ್ಯ ಬಂತು.

"ಈಗ ಹೇಳಿ, ಭುಜ ಹೇಗಿದೆ?"

"ನೋವು" ಎಂದ ವರ್ಲಿನ್, ಕಂಬಗಳನ್ನು ನೆನೆದು. "ತುಂಬ ನೋವು. ತಡೆಯೋಕಾಗಲ್ಲ. ರಾತ್ರಿ ಮಗ್ಗುಲಾಗೋಕೆ ಆಗಲ್ಲ, ತಲೆ ಬಾಚೋಕೆ ಆಗಲ್ಲ, ಗುಂಡಿ ಹೆಂಡತಿ ಹಾಕ್ತಾಳೆ." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಡಾಕ್ಟರು ಎದ್ದು ಬಂದು, ಅವನ ಬಲಗೈಯನ್ನು ಮೊಣಕೈಯ ಬಳಿ ಹಿಡಿದು ಮೆಲ್ಲಗೆ ಎತ್ತಿದರು. ಎದೆಯ ಮಟ್ಟ ದಾಟಿತು. ಆಗ ಬಂದದ್ದು ಗೇಲನ್ ಕಲಿಸಿದ್ದಲ್ಲ. ಮೆಟ್ಟಿಲ ಬುಡದಲ್ಲಿ ಬಾಯಿಗೆ ಬಂದು ನುಂಗಿಕೊಂಡದ್ದು, ರಾತ್ರಿಗಳಲ್ಲಿ ಹಲ್ಲು ಕಚ್ಚಿ ಹಿಡಿದಿಟ್ಟದ್ದು, ಹೆಬ್ಬೆರಳಿನದು, ಬಹುಶಃ ಅಪ್ಪನದೂ ಅಜ್ಜನದೂ ಸೇರಿ, ಒಂದೇ ಸಲಕ್ಕೆ ಹೊರಗೆ ಬಿತ್ತು. ವರ್ಲಿನ್ ಕೂಗಿದ. ಕೂಗಿ ಅತ್ತ. ಕಣ್ಣೀರು ಮೀಸೆಗಿಳಿಯಿತು. ನಾಚಿಕೆಯಾಗಲಿಲ್ಲ. ಇಷ್ಟು ವರ್ಷ ಇದನ್ನು ಯಾಕೆ ಮಾಡಲಿಲ್ಲವೋ ಎನಿಸುವಷ್ಟು ಹಗುರವಾಯಿತು.

ಡಾಕ್ಟರು ಕೈಯನ್ನು ಮೆತ್ತಗೆ ಕೆಳಗಿಳಿಸಿದರು. ಮೇಜಿಗೆ ಹಿಂತಿರುಗಿ ಕೆಲ ಹೊತ್ತು ಬರೆದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಕೇಳಿದರು:

"ನೂರ್ಡಾಲ್ ಚರ್ಚಿನ ನೆಲಮಾಳಿಗೇಲಿ ಶುಕ್ರವಾರದ ಮೀನಿನ ಊಟ ಈಗಲೂ ನಡೆಯುತ್ತಾ?"

ವರ್ಲಿನ್ ಕಣ್ಣೊರೆಸಿಕೊಳ್ಳುತ್ತಿದ್ದವನು ತಲೆಯೆತ್ತಿದ. "ನಡೆಯುತ್ತೆ. ನಿಮಗೆ ಹೇಗೆ—"

"ಪೆಲ್ಲೆಗ್ರಿನಿ ನನ್ನ ಗಂಡನ ಕಡೆ ಹೆಸರು. ನಾನು ಸೆಲ್ಮರ್ ಕ್ವಾಮ್‌ನ ಮಗಳು. ನಿಮ್ಮೂರಿನ ಪಕ್ಕದ ತೋಟ ನಮ್ಮದು."

"ಸೆಲ್ಮರ್! ಒಂದೇ ಕೈಯ ಸೆಲ್ಮರ್?"

"ಅವನೇ." ಡಾಕ್ಟರು ಮೊದಲ ಬಾರಿಗೆ ನಕ್ಕರು, ತಮ್ಮವರೊಡನೆ ನಗುವ ನಗು. "ಜೋಳ ಕೀಳೋ ಯಂತ್ರ ಅಪ್ಪನ ಕೈ ತಗೊಂಡಾಗ ನಾನು ಅಡಿಗೆಮನೇಲಿ ಹೋಮ್‌ವರ್ಕ್ ಮಾಡ್ತಿದ್ದೆ. ಹೊಲದಿಂದ ನಡ್ಕೊಂಡು ಬಂದು ಬಾಗಿಲಲ್ಲಿ ನಿಂತ. ಅಮ್ಮ ಹೇಗಿದ್ದೀಯ ಅಂತ ಕೇಳಿದ್ಲು. ‘ಪರವಾಗಿಲ್ಲ, ನೆಲ ಕೊಳೆಯಾಗುತ್ತೆ, ಕ್ಷಮಿಸು’ ಅಂದ. ನಮ್ಮ ಕಡೆ ನಿಜವಾದ ನೋವು ಹೇಗಿರುತ್ತೆ ಅಂತ ನನಗೆ ಯಾರೂ ಕಲಿಸಬೇಕಾಗಿಲ್ಲ ಟ್ವೇಟನ್ ಅವರೇ. ಇಲ್ಲಿಗೆ ನಮ್ಮ ಕಡೆಯವರು ಎಷ್ಟೋ ಜನ ಬಂದಿದ್ದಾರೆ. ಪರವಾಗಿಲ್ಲ ಅಂತಾರೆ. ತಕ್ಷಣ ಆಪರೇಷನ್‌ಗೆ ಬರೀತೀನಿ."

ವರ್ಲಿನ್ ಖಾಲಿಯಾದ ಕಾಫಿ ಬಟ್ಟಲನ್ನೂ ಕುರ್ಚಿಯ ದಿಂಬನ್ನೂ ನೋಡಿದ.

"ಮೊದಲ ಸಲಕ್ಕೇ ಕಾಫಿ ತಗೊಂಡ್ರಿ. ದಿಂಬೂ ತಗೊಂಡ್ರಿ. ಆಮೇಲೆ ಅತ್ತಿರಿ" ಎಂದರು ಡಾಕ್ಟರು, ಬೇಸರದಿಂದ, ನಿಜಕ್ಕೂ ಬೇಸರದಿಂದ. "ಯಾರೋ ನಿಮಗೆ ಹೇಳಿಕೊಟ್ಟಿದ್ದಾರೆ. ಅಲ್ವಾ?"

ಅಲ್ಲವೆನ್ನಲು ಅವನಿಗೆ ಬರಲಿಲ್ಲ. ನೂರ್ಡಾಲ್‌ನವರು ಸುಳ್ಳು ಹೇಳುವುದಿಲ್ಲ. "ಹೇಳಿಕೊಟ್ರು" ಎಂದ.

"ಈ ವಯಸ್ಸಿಗೆ ಎಲ್ಲರ ಭುಜವೂ ಸವೆದಿರುತ್ತೆ. ನಾನು ಕಂಡದ್ದನ್ನ ಬರೀತೀನಿ. ನೀವು ಇನ್ನೇನಾದ್ರೂ ಹೇಳೋದಿದೆಯಾ?"

ಹೇಳುವುದು ಬೆಟ್ಟದಷ್ಟಿತ್ತು. ಆದರೆ ಹೊಸದಾಗಿ ಕಲಿತ ಮಾತನ್ನು ಅವರು ನಂಬುವುದಿಲ್ಲ. ಹಳೆಯ ಮಾತನ್ನು ಈಗ ಆಡಿದರೆ ಅದೂ ಹೇಳಿಕೊಟ್ಟದ್ದೇ ಆಗುತ್ತದೆ. ವರ್ಲಿನ್ ಎದ್ದು ಎಡಗೈಯಲ್ಲಿ ಟೋಪಿ ತಿರುಗಿಸುತ್ತ ನಿಂತ.

"ಕಾಫಿ ಚೆನ್ನಾಗಿತ್ತು" ಎಂದ.

ಹಿಂತಿರುಗುವ ದಾರಿಯಲ್ಲಿ ಕಂಬಗಳು ಬಂದವು, ಹೋದವು. ಗೇಲನ್ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ರೇಡಿಯೋ ಹಾಕಿದ.

ಮನೆಯಲ್ಲಿ ದೀಪ ಹತ್ತಿತ್ತು. ಲವಾನ್ ಮಾಂಸ ತುಂಬಿ ಮೇಲೆ ಆಲೂಗಡ್ಡೆ ಹಾಸಿ ಬೇಯಿಸಿದ ದೊಡ್ಡ ಪಾತ್ರೆಯನ್ನು ಮೇಜಿನ ನಡುವೆ ಇಟ್ಟಿದ್ದಳು. ಪಾದ್ರಿಗಳಿದ್ದರು. ಕೊಡಲಿಯವರು ಕೊಡಲಿ ಬಿಟ್ಟು ಬಂದಿದ್ದರು. ಇವರಿಬ್ಬರು ಒಳಗೆ ಬರುತ್ತಲೇ ಎಲ್ಲರೂ ಎದ್ದರು.

"ಕೂಗಿದ್ಯಾ?" ಎಂದಳು ಲವಾನ್.

"ಕೂಗಿದೆ."

"ಅತ್ತ್ಯಾ?"

"ಅತ್ತೆ."

"ಶಭಾಷ್! ಮತ್ತೆ ಹೇಗಾಯ್ತು, ಹೇಳೋ!"

ವರ್ಲಿನ್ ಒಂದು ಸಲ ಎಲ್ಲರ ಮುಖವನ್ನೂ ನೋಡಿದ. ಆಸೆಯಿಂದ ಕಾದಿದ್ದ, ಬೆಳಗಿನಿಂದ ತನಗಾಗಿ ಬೆವರು ಸುರಿಸಿದ್ದ ಒಳ್ಳೆಯ ಮುಖಗಳು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಅವನಿಗನಿಸಿತು.

"ಪರವಾಗಿಲ್ಲ" ಎಂದ.

ಲವಾನ್ ಮೆಲ್ಲಗೆ ಕುರ್ಚಿಗೆ ಕುಸಿದಳು. ಗೇಲನ್ ಟೋಪಿ ತೆಗೆದ. ಪಾದ್ರಿಗಳು ಕಣ್ಣು ಮುಚ್ಚಿದರು. ಲವಾನ್ ಕೇಕಿನ ದೊಡ್ಡ ತುಂಡೊಂದನ್ನು, ಒಂದು ಸಲವೂ ಬೇಕೇ ಎಂದು ಕೇಳದೆ, ಅವನ ತಟ್ಟೆಗಿಟ್ಟಳು.

ಆರ್ಡಿಸ್ ಗಂಡನ ಕೋಟಿನ ಗುಂಡಿ ಬಿಚ್ಚಿ, ಕೋಟನ್ನು ಮೊಳೆಗೆ ಹಾಕಿದಳು. ಆಮೇಲೆ ಕುರ್ಚಿ ಎಳೆದು ಹತ್ತಿ, ಕಪಾಟಿನ ಮೇಲಿನಿಂದ ಕಾರ್ಖಾನೆಗೆ ಒಯ್ಯುವ ಊಟದ ಡಬ್ಬಿಯನ್ನು ಕೆಳಗಿಳಿಸಿ, ಧೂಳು ಒರೆಸಿ, ತೊಳೆಯಲು ನೀರು ಬಿಟ್ಟಳು. ಸೋಮವಾರದಿಂದ ಅವನಿಗೆ ಎಡಗೈಯಲ್ಲಿ ತೆರೆಯಲು ಬರುವ ಹಾಗೆ, ಅದರ ಬಿಗಿಯಾದ ಚಿಲಕವನ್ನು ಸ್ವಲ್ಪ ಸಡಿಲ ಮಾಡಿಟ್ಟಳು.